ಹಗುರ ಲಿನಕ್ಸ್ ಹುಡುಕುವ ಮೊದಲು ಬ್ರೌಸರಿನ ಭಾರ ನೋಡಿ

ಪ್ರಶ್ನೆ: ನಾವು ಕಾಪು ತಾಲೂಕಿನ ಒಂದು ಯುವಕ ಮಂಡಲದವರು. ನಮ್ಮ ಸಣ್ಣ ಲೈಬ್ರರಿಗೆ ಮುಂಬೈ, ದುಬೈಯಲ್ಲಿರುವ ಊರಿನವರು ನಾಲ್ಕು ಹಳೆಯ ಕಂಪ್ಯೂಟರ್ ಕೊಟ್ಟಿದ್ದಾರೆ. ಒಂದು ಪೆಂಟಿಯಂ 4 ಡೆಸ್ಕ್‌ಟಾಪ್, 512 ಎಂಬಿ ರ‍್ಯಾಮ್. ಇನ್ನೊಂದು ಕೋರ್ 2 ಡ್ಯುಯೊ ಡೆಸ್ಕ್‌ಟಾಪ್, 2 ಜಿಬಿ. ಒಂದು ನೆಟ್‌ಬುಕ್, ಆಟಮ್ ಎನ್270, 1 ಜಿಬಿ. ಒಂದು ಲ್ಯಾಪ್‌ಟಾಪ್, ಎರಡನೇ ತಲೆಮಾರಿನ ಐ3, 4 ಜಿಬಿ. ಜೊತೆಗೆ ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರ್. ಮಕ್ಕಳಿಗೆ ಸ್ಕಾಲರ್‌ಶಿಪ್ ಅರ್ಜಿ ಹಾಕಲು, ರಿಸಲ್ಟ್ ನೋಡಲು, ಕನ್ನಡದಲ್ಲಿ ಟೈಪ್ ಮಾಡಲು, ಪಾಠದ ವೀಡಿಯೊ ನೋಡಲು ಬೇಕು. ಒಬ್ಬರು ಪಪ್ಪಿ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಲುಬುಂಟು, ಮತ್ತೊಬ್ಬರು ಆಂಟಿಎಕ್ಸ್. ಎಲ್ಲಕ್ಕಿಂತ ಹಗುರವಾದ ಲಿನಕ್ಸ್ ಯಾವುದು ಸರ್? ನಾಲ್ಕಕ್ಕೂ ಒಂದೇ ಹಾಕಬಹುದಾ? ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ.

ಉತ್ತರ: ನಾಲ್ಕಕ್ಕೂ ಒಂದೇ ಬೇಡ. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಹಾಕುವ ಉಚಿತ ವ್ಯವಸ್ಥೆ; ಮಿಂಟ್, ಪಪ್ಪಿ, ಲುಬುಂಟು, ಆಂಟಿಎಕ್ಸ್ ಎಲ್ಲ ಅದರ ಬೇರೆ ಬೇರೆ ರೂಪಗಳು. ಐ3 ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ (ಮೆನು, ಕಿಟಕಿ ತೋರಿಸುವ ಹಗುರ ಡೆಸ್ಕ್‌ಟಾಪ್) ಆವೃತ್ತಿ ಹಾಕಿ. ಕೋರ್ 2 ಡ್ಯುಯೊಗೂ ಅದನ್ನೇ ಹಾಕಿ, ಆದರೆ ರ‍್ಯಾಮ್ (ಕೆಲಸ ನಡೆಯುವಾಗ ಯಂತ್ರ ಬಳಸುವ ಮೆಮೊರಿ) ಏರಿಸಿದ ಮೇಲೆ. ನೆಟ್‌ಬುಕ್‌ಗೆ ಆಂಟಿಎಕ್ಸ್‌ನ 32-ಬಿಟ್ ಆವೃತ್ತಿ (ಹಳೆಯ ಬಗೆಯ ಪ್ರೊಸೆಸರಿಗೆ ಮಾಡಿದ್ದು) ಸಾಕು. ಪೆಂಟಿಯಂ 4ಕ್ಕೆ ಏನೂ ಹಾಕಬೇಡಿ. ಯಾಕೆ ಹೀಗೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಹೊರಗೆ ದುಡಿಯುವ ಊರಿನವರು ಪ್ರೀತಿಯಿಂದ ಕೊಟ್ಟ ಇಂಥ ಯಂತ್ರಗಳು ನಮ್ಮ ಕರಾವಳಿಯ ಎಷ್ಟೋ ಯುವಕ ಮಂಡಲಗಳಿಗೆ, ಕನ್ನಡ ಶಾಲೆಗಳಿಗೆ ಬರುತ್ತಾ ಇರುತ್ತವೆ. ಆರಿಸುವಲ್ಲಿ ಎಡವಿದರೆ ಒಂದೇ ಮಳೆಗಾಲದಲ್ಲಿ ಅವು ಮೂಲೆ ಸೇರುತ್ತವೆ. ಹಾಗಾಗಬಾರದು.

"ಎಲ್ಲಕ್ಕಿಂತ ಹಗುರ ಯಾವುದು" ಅನ್ನುವ ಪ್ರಶ್ನೆಯೇ ನಿಮ್ಮನ್ನು ದಾರಿ ತಪ್ಪಿಸುತ್ತಿದೆ. ಬರೀ ಹಗುರ ಬೇಕಿದ್ದರೆ ಟೈನಿ ಕೋರ್ ಅನ್ನುವ ಲಿನಕ್ಸ್ ಉಂಟು. ಡೆಸ್ಕ್‌ಟಾಪ್ ಸಮೇತ ಅದರ ಪೂರ್ತಿ ಗಾತ್ರ ಇಪ್ಪತ್ತು ಚಿಲ್ಲರೆ ಎಂಬಿ. ನಿಮ್ಮ ಪೆಂಟಿಯಂ 4ರಲ್ಲೂ ಚಕಚಕ ತೆರೆದುಕೊಳ್ಳುತ್ತದೆ. ಆದರೆ ತೆರೆದ ಮೇಲೆ ಮಕ್ಕಳು ಏನು ಮಾಡುತ್ತಾರೆ? ಬ್ರೌಸರ್ ಒತ್ತುತ್ತಾರೆ. ಫೈರ್‌ಫಾಕ್ಸ್ ಎಲ್ಲಿ ತೆರೆದರೂ ಅದೇ ಫೈರ್‌ಫಾಕ್ಸ್. ಸ್ಕಾಲರ್‌ಶಿಪ್ ಪೋರ್ಟಲ್, ಯೂಟ್ಯೂಬ್, ಮೇಲ್ ಅಂತ ನಾಲ್ಕೈದು ಟ್ಯಾಬ್ ತೆರೆದರೆ ಒಂದೂವರೆ ಜಿಬಿ ದಾಟುವುದು ಮಾಮೂಲಿ. ಕೆಳಗೆ ಟೈನಿ ಕೋರ್ ಇದ್ದರೂ ಅಷ್ಟೇ, ಮಿಂಟ್ ಇದ್ದರೂ ಅಷ್ಟೇ. ಬರೀ ಲಿನಕ್ಸಿನ ತೂಕ ನೋಡುವುದು ಅಂದರೆ, ಅಕ್ಕಿ ಮುಡಿ ಹೊರುವವನ ಹೆಗಲ ಮೇಲಿನ ಬೈರಾಸು ಎಷ್ಟು ಭಾರ ಅಂತ ಲೆಕ್ಕ ಹಾಕಿದ ಹಾಗೆ.

ಅಂದಾಜು ಲೆಕ್ಕ ಹೀಗಿದೆ. ಆಂಟಿಎಕ್ಸ್ ತನ್ನ ಐಸ್‌ಡಬ್ಲ್ಯುಎಂ ಡೆಸ್ಕ್‌ಟಾಪ್ ಜೊತೆ ತೆರೆದು ಸುಮ್ನೆ ಕೂತಾಗ ಸುಮಾರು 200 ಎಂಬಿ ರ‍್ಯಾಮ್ ಹಿಡಿಯುತ್ತದೆ. ಮಿಂಟ್ ಎಕ್ಸ್‌ಎಫ್‌ಸಿಇ 700ರಿಂದ 800 ಎಂಬಿ ಹಿಡಿಯುತ್ತದೆ. ಅಂದರೆ ವ್ಯತ್ಯಾಸ ಅರ್ಧ ಜಿಬಿಗಿಂತ ಸ್ವಲ್ಪ ಜಾಸ್ತಿ. 1 ಜಿಬಿಯ ನೆಟ್‌ಬುಕ್‌ನಲ್ಲಿ ಈ ಅರ್ಧ ಜಿಬಿ ಜೀವನ್ಮರಣದ ಪ್ರಶ್ನೆ. 4 ಜಿಬಿ ಇರುವ ಲ್ಯಾಪ್‌ಟಾಪಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಹಗುರಕ್ಕಿಂತ ಅನುಕೂಲ ನೋಡಬೇಕು. ಹಾಗಾಗಿ ಮೊದಲು ಕೇಳಬೇಕಾದದ್ದು "ಈ ಯಂತ್ರದಲ್ಲಿ ಯಾವ ಕೆಲಸ ಆಗಬೇಕು, ಅದಕ್ಕೆ ಎಷ್ಟು ರ‍್ಯಾಮ್ ಬೇಕು" ಅಂತ. ಲಿನಕ್ಸಿನ ಹೆಸರು ಅದಾದ ಮೇಲೆ ಬರುತ್ತದೆ.

ಹಳೆಯ ಕಂಪ್ಯೂಟರ್ ಯಾಕೆ ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತದೆ ಅನ್ನುವುದೂ ಗೊತ್ತಿರಬೇಕು. ಜಾಸ್ತಿ ಸಲ ಅದು ಪ್ರೊಸೆಸರಿನ ತಪ್ಪಲ್ಲ. ರ‍್ಯಾಮ್ ತುಂಬಿದಾಗ ಲಿನಕ್ಸ್ ಸದ್ಯಕ್ಕೆ ಬೇಡವಾದ ಭಾಗವನ್ನು ಡಿಸ್ಕಿನ ಸ್ವಾಪ್ ಜಾಗಕ್ಕೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಅಲ್ಲೊಂದು ಇಲ್ಲೊಂದು ತುಣುಕು ಹುಡುಕಿ ಓದುವುದು ಸೆಕೆಂಡಿಗೆ ನೂರರ ಆಸುಪಾಸು ಮಾತ್ರ. ಸಾಧಾರಣ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ಚಿಪ್‌ಗಳ ಡಿಸ್ಕ್) ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ನಿಮ್ಮ ಕೋರ್ 2 ಡ್ಯುಯೊದ ಸಾಟಾ (ಡಿಸ್ಕ್ ಜೋಡಿಸುವ ದಾರಿ) ಹಳೆಯದು, ಹೊಸ ಎಸ್‌ಎಸ್‌ಡಿಯ ಪೂರ್ತಿ ವೇಗ ಅದರಲ್ಲಿ ಸಿಗುವುದಿಲ್ಲ. ಪರವಾಗಿಲ್ಲ. ಈ ಹುಡುಕಾಟದ ವೇಗವೇ ನಮಗೆ ಬೇಕಾದದ್ದು, ಅದು ಸಿಗುತ್ತದೆ.

ಆದ್ದರಿಂದ ಇರುವ ದುಡ್ಡನ್ನು ಹೀಗೆ ಹಂಚಿ. ಮೊದಲು ಲ್ಯಾಪ್‌ಟಾಪಿಗೆ ಒಂದು ಸಣ್ಣ ಎಸ್‌ಎಸ್‌ಡಿ, 120 ಅಥವಾ 240 ಜಿಬಿ ಸಾಕು. ಆಮೇಲೆ ಕೋರ್ 2 ಡ್ಯುಯೊಗೆ ರ‍್ಯಾಮ್, 2 ಜಿಬಿಯಿಂದ 4 ಜಿಬಿಗೆ. ಇನ್ನೂ ಉಳಿದರೆ ಅದಕ್ಕೂ ಒಂದು ಎಸ್‌ಎಸ್‌ಡಿ. ನೆಟ್‌ಬುಕ್‌ಗೆ ಖರ್ಚು ಮಾಡಬೇಡಿ. ಹೊಸ ರ‍್ಯಾಮ್ ಕೊಳ್ಳುವ ಅಗತ್ಯ ಇಲ್ಲ. ಮಂಗಳೂರಿನ ಹಂಪನಕಟ್ಟೆ ಸುತ್ತಮುತ್ತ, ಉಡುಪಿ, ಮಣಿಪಾಲದ ರಿಪೇರಿ ಅಂಗಡಿಗಳಲ್ಲಿ ಹಳೆಯ ಡೆಸ್ಕ್‌ಟಾಪಿನಿಂದ ತೆಗೆದ ರ‍್ಯಾಮ್ ಕೇಳಿ ನೋಡಿ. ಹೋಗುವಾಗ ನಿಮ್ಮಲ್ಲಿರುವ ಕಡ್ಡಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಡಿಡಿಆರ್2 ಇರುವ ಬೋರ್ಡಿಗೆ ಡಿಡಿಆರ್3 ಕೂರುವುದೇ ಇಲ್ಲ, ಸೀಳು ಇರುವ ಜಾಗ ಬೇರೆ. ನಮ್ಮಲ್ಲಿ ತುಂಬಾ ಓಡಿದ ಇಂಟೆಲ್ ಜಿ31 ಬೋರ್ಡ್ ಆಗಿದ್ದರೆ 4 ಜಿಬಿಯೇ ಅದರ ಮಿತಿ. ಅದಕ್ಕಿಂತ ಜಾಸ್ತಿ ಕೊಂಡರೆ ದುಡ್ಡು ದಂಡ.

ಈಗ ಬೇರೆ ಬೇರೆ ಜನ ಹೇಳಿದ ಹೆಸರುಗಳಿಗೆ ಬರೋಣ. ಪಪ್ಪಿ ಲಿನಕ್ಸ್ ನನಗೂ ಇಷ್ಟ. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಶುರು ಮಾಡಿದ್ದು. ಪೆನ್ ಡ್ರೈವ್‌ನಿಂದ ತೆರೆದು ಪೂರ್ತಿ ರ‍್ಯಾಮ್‌ನಲ್ಲೇ ಕೂತುಕೊಳ್ಳುತ್ತದೆ. ಕೆಟ್ಟುಹೋದ ವಿಂಡೋಸ್ ಯಂತ್ರದಿಂದ ಫೋಟೊ, ಫೈಲು ಉಳಿಸಿಕೊಳ್ಳಲು ಬಹಳ ಒಳ್ಳೆಯದು. ಆದರೆ ಅದರಲ್ಲಿ ಮಾಮೂಲಿಯಾಗಿ ಎಲ್ಲರೂ ರೂಟ್ ಆಗಿಯೇ ಕೆಲಸ ಮಾಡುತ್ತಾರೆ. ಅಂದರೆ ಕೂತವರಿಗೆಲ್ಲ ಯಂತ್ರದ ಪೂರ್ತಿ ಅಧಿಕಾರ. ಮನೆಯಲ್ಲಿ ಒಬ್ಬರೇ ಬಳಸುವಾಗ ಅದು ನಡೆಯುತ್ತದೆ. ದಿನಕ್ಕೆ ಹತ್ತು ಮಕ್ಕಳು ಕೂರುವ ಲೈಬ್ರರಿಗೆ ಅದು ಹೇಳಿಸಿದ್ದಲ್ಲ.

ಲುಬುಂಟು ಕೆಟ್ಟದ್ದೇನಲ್ಲ. ಅದರ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಚೊಕ್ಕವಾಗಿದೆ. ಆದರೆ ಅದರಲ್ಲಿ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಅನ್ನುವ ಕಟ್ಟಿನಲ್ಲಿ. ತಿರುಗುವ ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರದಲ್ಲಿ ಸ್ನ್ಯಾಪ್ ಫೈರ್‌ಫಾಕ್ಸ್ ಮೊದಲ ಸಲ ತೆರೆಯಲು ತಗೊಳ್ಳುವ ಹೊತ್ತು ತಾಳ್ಮೆ ಕೆಡಿಸುತ್ತದೆ. ಇನ್ನು ನಿಮ್ಮ ನೆಟ್‌ಬುಕ್‌ಗೆ ಅದು ಆಗುವುದೇ ಇಲ್ಲ. ಲುಬುಂಟು 32-ಬಿಟ್ ಆವೃತ್ತಿ ಕೊಡುವುದನ್ನು ಯಾವಾಗಲೋ ನಿಲ್ಲಿಸಿದೆ.

ಮಿಂಟ್ ಯಾಕೆ ಹೇಳಿದೆ ಅಂದರೆ, ಅದು ಎಲ್ಲಕ್ಕಿಂತ ಹಗುರ ಅಂತ ಅಲ್ಲ. ಮಿಂಟ್‌ನವರೇ ಹೇಳುವುದು ಕಡಿಮೆ ಅಂದರೆ 2 ಜಿಬಿ ರ‍್ಯಾಮ್, ಆರಾಮಾಗಿ ಬಳಸಲು 4 ಜಿಬಿ ಬೇಕು ಅಂತ. ನಾನು ಅದನ್ನು ಆರಿಸಲು ಮುಖ್ಯ ಕಾರಣ ಗೆಸ್ಟ್ ಸೆಷನ್, ಅಂದರೆ ಬಂದವರಿಗೆ ಕೊಡುವ ತಾತ್ಕಾಲಿಕ ಖಾತೆ. ನಿಮ್ಮಲ್ಲಿಗೆ ಬರುವ ಮಕ್ಕಳು, ಅವರ ಅಪ್ಪ ಅಮ್ಮ ರಾಜ್ಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುತ್ತಾರೆ. ಆಧಾರ್ ನಂಬರು, ಜಾತಿ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊ ಎಲ್ಲ ಆ ಯಂತ್ರಕ್ಕೆ ಇಳಿಯುತ್ತದೆ. ಎದ್ದು ಹೋಗುವಾಗ ಅದನ್ನು ಅಳಿಸುವ ನೆನಪು ಯಾರಿಗೂ ಇರುವುದಿಲ್ಲ. ಪಾಸ್‌ವರ್ಡ್ ಬ್ರೌಸರಿನಲ್ಲೇ ಉಳಿದುಬಿಡುತ್ತದೆ. ಮುಂದೆ ಕೂತವರಿಗೆ ಹಿಂದಿನವರ ಇಡೀ ಮನೆಯ ವಿವರ ಕಾಣುತ್ತದೆ. ಇದು ಸಣ್ಣ ವಿಷಯ ಅಲ್ಲ. ಊರಿನವರು ನಿಮ್ಮನ್ನು ನಂಬಿ ಬಂದಿರುತ್ತಾರೆ.

ಮಿಂಟ್‌ನಲ್ಲಿ ಲಾಗಿನ್ ವಿಂಡೋ ಅನ್ನುವ ಸೆಟ್ಟಿಂಗ್ ತೆರೆಯಿರಿ. ಅದರ ಯೂಸರ್ಸ್ ಭಾಗದಲ್ಲಿ ಗೆಸ್ಟ್ ಸೆಷನ್ ಅನುಮತಿಸುವ ಗುಂಡಿ ಇದೆ. ಮೊದಲಿಗೆ ಅದು ಆಫ್ ಆಗಿರುತ್ತದೆ, ಆನ್ ಮಾಡಿ. ಆಮೇಲೆ ಅರ್ಜಿ ಹಾಕಲು ಬಂದವರೆಲ್ಲ ಗೆಸ್ಟ್ ಆಗಿ ಒಳಗೆ ಹೋಗಲಿ. ಲಾಗ್‌ಔಟ್ ಆದ ಕೂಡಲೇ ಅವರ ಡೌನ್‌ಲೋಡ್, ಪಾಸ್‌ವರ್ಡ್, ಹಿಸ್ಟರಿ ಎಲ್ಲವೂ ಅಳಿದುಹೋಗುತ್ತದೆ. ಒಂದು ಎಚ್ಚರ ಬೇಕು: ಗೆಸ್ಟ್ ಖಾತೆಯ ಫೈಲುಗಳು ಕೂರುವುದು ರ‍್ಯಾಮ್‌ನಲ್ಲೇ. ಯಾರಾದರೂ ಅದರಲ್ಲಿ ಸಿನಿಮಾ ಡೌನ್‌ಲೋಡ್ ಮಾಡಿದರೆ ಯಂತ್ರ ಉಸಿರುಗಟ್ಟುತ್ತದೆ. ಅರ್ಜಿಯ ಪಿಡಿಎಫ್ ಬೇಕಾದವರು ಆಗಲೇ ಪ್ರಿಂಟ್ ತೆಗೆಯಲಿ, ಇಲ್ಲವೇ ಪೆನ್ ಡ್ರೈವ್‌ಗೆ ಹಾಕಿಕೊಳ್ಳಲಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಮಾನಿಟರಿನ ಪಕ್ಕ ಅಂಟಿಸಿ.

ಇನ್ನೊಂದು ಕಾರಣವೂ ಉಂಟು. ಮಿಂಟ್‌ನಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿ ಬರುವುದಿಲ್ಲ, ಮಾಮೂಲಿ ಪ್ಯಾಕೇಜ್ ಆಗಿಯೇ ಬರುತ್ತದೆ. ಈಗಿನ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ವಿಂಡೋಸ್ ಬಳಸಿದವರಿಗೆ ಅದರ ಮೆನು, ಟಾಸ್ಕ್‌ಬಾರ್ ಹೊಸದು ಅನ್ನಿಸುವುದೂ ಇಲ್ಲ. ಯುವಕ ಮಂಡಲದ ಕಾರ್ಯದರ್ಶಿ ಬದಲಾಗುತ್ತಾರೆ, ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತಾನೆ. ಮುಂದೆ ಬರುವವರಿಗೂ ಸುಲಭವಾಗಿ ಸಿಗುವಂಥದ್ದೇ ಇರಬೇಕು ಅಲ್ವಾ? ಎರಡು ಯಂತ್ರಕ್ಕೂ ಒಂದೇ ಮಿಂಟ್ ಅಂದದ್ದು ಇದಕ್ಕೇ. ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೂ ಆಗುತ್ತದೆ.

ಕೋರ್ 2 ಡ್ಯುಯೊಗೆ 4 ಜಿಬಿ ಸಿಕ್ಕಿತು ಅಂದುಕೊಳ್ಳಿ. ಆಗಲೂ ಎರಡು ಕೆಲಸ ಮಾಡಿ. ವಿಂಡೋ ಮ್ಯಾನೇಜರ್ ಟ್ವೀಕ್ಸ್ ಅನ್ನುವಲ್ಲಿ ಕಂಪೋಸಿಟರ್ ಆಫ್ ಮಾಡಿ. ನೆರಳು, ಪಾರದರ್ಶಕತೆಯ ಅಲಂಕಾರ ಹೋಗುತ್ತದೆ, ಹಳೆಯ ಗ್ರಾಫಿಕ್ಸ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಆಮೇಲೆ ಸಾಫ್ಟ್‌ವೇರ್ ಪಟ್ಟಿಯಿಂದ ಝಡ್‌ರ‍್ಯಾಮ್ ಕಾನ್ಫಿಗ್ ಹಾಕಿ. ಇದು ರ‍್ಯಾಮ್‌ನ ಒಂದು ಪಾಲನ್ನು ಸ್ವಾಪ್ ಜಾಗವಾಗಿ ಬಳಸಿ, ಅಲ್ಲಿಗೆ ಬಂದದ್ದನ್ನು ಕುಗ್ಗಿಸಿ ಇಡುತ್ತದೆ. ಡಿಸ್ಕಿಗೆ ಹೋಗಿ ಬರುವ ಕೆಲಸ ಕಡಿಮೆಯಾಗುತ್ತದೆ. ಪ್ರೊಸೆಸರಿಗೆ ಸ್ವಲ್ಪ ಕೆಲಸ ಜಾಸ್ತಿ, ಆದರೆ ಡಿಸ್ಕ್ ಕಾಯುವುದಕ್ಕಿಂತ ಎಷ್ಟೋ ಮೇಲು. ರ‍್ಯಾಮ್ ಎಲ್ಲೂ ಸಿಗದೆ 2 ಜಿಬಿಯಲ್ಲೇ ಇರಬೇಕಾಗಿ ಬಂದರೆ ಮಿಂಟ್ ಬಿಡಿ, ಆಂಟಿಎಕ್ಸ್‌ನ 64-ಬಿಟ್ ಆವೃತ್ತಿ ಹಾಕಿ. ಆಗ ಉಳಿಯುವ ಅರ್ಧ ಜಿಬಿ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ.

64-ಬಿಟ್ ಅಂತ ಒತ್ತಿ ಹೇಳಲು ಕಾರಣ ಉಂಟು. ರ‍್ಯಾಮ್ ಕಡಿಮೆ ಇದ್ದರೆ 32-ಬಿಟ್ ಹಾಕಿ ಅಂತ ಹೇಳುವವರು ಇನ್ನೂ ಇದ್ದಾರೆ. ರ‍್ಯಾಮ್ ಸ್ವಲ್ಪ ಉಳಿಯುವುದು ನಿಜ. ಆದರೆ 32-ಬಿಟ್‌ನ ಬಾಗಿಲು ಒಂದೊಂದೇ ಮುಚ್ಚುತ್ತಿದೆ. ಗೂಗಲ್ ಕ್ರೋಮ್ 32-ಬಿಟ್ ಲಿನಕ್ಸನ್ನು 2016ರಲ್ಲೇ ಬಿಟ್ಟಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ (ಹಲವು ಲಿನಕ್ಸ್‌ಗಳಿಗೆ ಬುನಾದಿಯಾದ ಲಿನಕ್ಸ್) 13ರಲ್ಲಿ 32-ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಫೈರ್‌ಫಾಕ್ಸ್ 144ರ ನಂತರ 32-ಬಿಟ್ ಲಿನಕ್ಸಿಗೆ ಹೊಸ ಆವೃತ್ತಿ ಇಲ್ಲ. ಕೋರ್ 2 ಡ್ಯುಯೊ ಎಲ್ಲವೂ 64-ಬಿಟ್ ಪ್ರೊಸೆಸರ್‌ಗಳೇ. ಇರುವ ಶಕ್ತಿಯನ್ನು ಬಿಟ್ಟುಕೊಟ್ಟು ಮುಚ್ಚುವ ಬಾಗಿಲ ಕಡೆ ಹೋಗುವುದು ಯಾಕೆ?

ನೆಟ್‌ಬುಕ್ ವಿಷಯ ಬೇರೆ. 2008ರ ಆಟಮ್ ಎನ್270 ಬರೀ 32-ಬಿಟ್, ಅದಕ್ಕೆ ಆಯ್ಕೆಯೇ ಇಲ್ಲ. ಡೆಬಿಯನ್ 12ರ ಮೇಲೆ ಕಟ್ಟಿದ ಆಂಟಿಎಕ್ಸ್ 23ಕ್ಕೆ 32-ಬಿಟ್ ಆವೃತ್ತಿ ಉಂಟು. ಗ್ರೀಸ್ ದೇಶದಲ್ಲಿ ಶುರುವಾದ ಈ ಲಿನಕ್ಸನ್ನು ಕಟ್ಟುವವರು ಹಳೆಯ ಯಂತ್ರವನ್ನು ಎಸೆಯಬಾರದು ಅನ್ನುವ ಹಟದಿಂದಲೇ ಕೆಲಸ ಮಾಡುತ್ತಾರೆ. 512 ಎಂಬಿ ರ‍್ಯಾಮ್ ಇದ್ದರೂ ನಡೆಯುವಂತೆ ಅದನ್ನು ಇಟ್ಟಿದ್ದಾರೆ. ಅವರ ಈ ಕಾಳಜಿಗೆ ನನಗೆ ಬಹಳ ಗೌರವ. ಡೆಬಿಯನ್ 12ರ ದೀರ್ಘ ಬೆಂಬಲ 2028ರ ಜೂನ್‌ವರೆಗೆ. ಆದರೆ ಬ್ರೌಸರ್ ಕಥೆ ಅಷ್ಟು ಉದ್ದ ಇಲ್ಲ. 32-ಬಿಟ್ ಲಿನಕ್ಸಿಗೆ ಉಳಿದಿರುವ ಫೈರ್‌ಫಾಕ್ಸ್ ಇಎಸ್‌ಆರ್ (ದೀರ್ಘ ಬೆಂಬಲದ ಆವೃತ್ತಿ) 140ಕ್ಕೆ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಅಂತ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಮಾತು ಕೊಟ್ಟದ್ದು ಕನಿಷ್ಠ 2026ರ ಸೆಪ್ಟೆಂಬರ್‌ವರೆಗೆ.

ಹಾಗಾಗಿ ನೆಟ್‌ಬುಕ್‌ನಲ್ಲಿ ಅರ್ಜಿ, ಬ್ಯಾಂಕು, ಮೇಲ್ ಯಾವುದೂ ಬೇಡ. ಯೂಟ್ಯೂಬೂ ಬೇಡ. ಅದನ್ನು ಸಣ್ಣ ಮಕ್ಕಳ ಕೈಗೆ ಕೊಡಿ. ಟಕ್ಸ್ ಪೇಂಟ್‌ನಲ್ಲಿ ಚಿತ್ರ ಬಿಡಿಸಲಿ, ಟಕ್ಸ್ ಮ್ಯಾತ್‌ನಲ್ಲಿ ಲೆಕ್ಕ ಮಾಡಲಿ, ಕನ್ನಡ ಟೈಪಿಂಗ್ ಕಲಿಯಲಿ. ಪಾಠದ ವೀಡಿಯೊವನ್ನು ಲ್ಯಾಪ್‌ಟಾಪಿನಲ್ಲಿ ಇಳಿಸಿ, ಪೆನ್ ಡ್ರೈವ್‌ನಲ್ಲಿ ತಂದು ವಿಎಲ್‌ಸಿ ಅಥವಾ ಎಂಪಿವಿಯಲ್ಲಿ ಹಾಕಿದರೆ 360ಪಿ, 480ಪಿ ವೀಡಿಯೊ ಓಡುತ್ತದೆ. ಅದರ ಪರದೆ 1024 ಅಡ್ಡ, 600 ಎತ್ತರ ಮಾತ್ರ. ಕೆಲವು ಸೆಟ್ಟಿಂಗ್ ಕಿಟಕಿಗಳ ಓಕೆ ಗುಂಡಿ ಪರದೆಯ ಕೆಳಗೆ ಹೋಗಿ ಕಾಣುವುದೇ ಇಲ್ಲ. ಆಗ ಆಲ್ಟ್ ಕೀ ಒತ್ತಿ ಹಿಡಿದು ಕಿಟಕಿಯನ್ನು ಮೌಸ್‌ನಿಂದ ಮೇಲಕ್ಕೆ ಎಳೆಯಿರಿ, ಗುಂಡಿ ಸಿಗುತ್ತದೆ.

ಇನ್ನೊಂದು ಚಂದದ ಕೆಲಸಕ್ಕೂ ಅದು ಆಗುತ್ತದೆ. ಕಿವಿಕ್ಸ್ ಅನ್ನುವ ಸಾಫ್ಟ್‌ವೇರ್ ಇಡೀ ಕನ್ನಡ ವಿಕಿಪೀಡಿಯವನ್ನು ಒಂದು ಫೈಲಾಗಿ ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆ ಓದಲು ಕೊಡುತ್ತದೆ. ಅದರ ಸರ್ವರ್ ಭಾಗವನ್ನು ಐ3 ಲ್ಯಾಪ್‌ಟಾಪಿನಲ್ಲಿ ಹಾಕಿ. ಒಂದೇ ರೂಟರಿಗೆ ಸೇರಿದ ಉಳಿದ ಯಂತ್ರಗಳಲ್ಲಿ ಬ್ರೌಸರ್ ತೆರೆದು ಓದಬಹುದು. ಜೂನ್ ಜುಲೈ ಗಾಳಿಮಳೆಗೆ ಕೇಬಲ್ ತುಂಡಾಗಿ ಎರಡು ಮೂರು ದಿನ ನೆಟ್ ಇಲ್ಲದಿದ್ದರೂ ಮಕ್ಕಳ ಪ್ರಾಜೆಕ್ಟ್ ಕೆಲಸ ನಿಲ್ಲುವುದಿಲ್ಲ. ನೆಟ್‌ಬುಕ್‌ನಲ್ಲಿ ಒಂದೇ ಟ್ಯಾಬ್ ತೆರೆದರೆ ಇಷ್ಟು ಸಾಗುತ್ತದೆ.

ಬ್ರೌಸರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಮುಖ್ಯ ಭಾರ ಅಲ್ಲೇ ಇರುವುದರಿಂದ. ಡಿಲೊ, ನೆಟ್‌ಸರ್ಫ್ ಅಂತ ಬಹಳ ಹಗುರ ಬ್ರೌಸರ್‌ಗಳು ಉಂಟು. ಬರೀ ಅಕ್ಷರ ಇರುವ ಪುಟಕ್ಕೆ ಅವು ಚೆನ್ನ. ಸ್ಕಾಲರ್‌ಶಿಪ್ ಅರ್ಜಿಗೆ ಅವು ಆಗುವುದಿಲ್ಲ. ಜಾವಾಸ್ಕ್ರಿಪ್ಟ್ (ಪುಟದೊಳಗೆ ಓಡುವ ಪ್ರೋಗ್ರಾಂ) ಪೂರ್ತಿ ನಡೆಸುವ ಬ್ರೌಸರೇ ಬೇಕು. ಹಾಗಾಗಿ ಫೈರ್‌ಫಾಕ್ಸನ್ನೇ ಇಟ್ಟುಕೊಂಡು ಅದರ ಹೊರೆ ಇಳಿಸಿ. ಯುಬ್ಲಾಕ್ ಒರಿಜಿನ್ ಆಡ್ಆನ್ ಹಾಕಿ. ಜಾಹೀರಾತು ತಡೆಯುವುದು ಬರೀ ಕಿರಿಕಿರಿ ತಪ್ಪಿಸಲು ಅಂತ ತಿಳಿಯಬೇಡಿ. ಆ ಜಾಹೀರಾತುಗಳ ಜೊತೆ ಬರುವ ಸ್ಕ್ರಿಪ್ಟುಗಳೇ ಹಳೆಯ ಪ್ರೊಸೆಸರನ್ನು ಸುಸ್ತು ಮಾಡುವುದು. ಸುದ್ದಿ ತಾಣಗಳಲ್ಲಿ ಇದರ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅರ್ಜಿಯ ಪುಟ ಸರಿಯಾಗಿ ತೆರೆಯದಿದ್ದರೆ ಆ ಒಂದು ತಾಣಕ್ಕೆ ಮಾತ್ರ ಅದನ್ನು ಆಫ್ ಮಾಡಿ. ಗೆಸ್ಟ್ ಸೆಷನ್ ಪ್ರತಿ ಸಲ ಹೊಸದಾಗಿ ಶುರುವಾಗುವುದರಿಂದ ಆಡ್ಆನ್ ಅಲ್ಲಿ ಉಳಿಯುವುದಿಲ್ಲ. ಅಲ್ಲಿ ಅರ್ಜಿಯ ಒಂದೇ ಟ್ಯಾಬ್ ಇರಲಿ ಅಂತ ಹೇಳಿ, ಸಾಕು.

ವೀಡಿಯೊ ತಡೆತಡೆದು ಓಡುವುದಕ್ಕೂ ಒಂದು ಕಾರಣ ಉಂಟು. ಯೂಟ್ಯೂಬ್ ಈಗ ಸಾಮಾನ್ಯವಾಗಿ ಕಳಿಸುವುದು ವಿಪಿ9 ಅಥವಾ ಎವಿ1 ರೂಪದ ವೀಡಿಯೊ. 2011ರ ನಿಮ್ಮ ಐ3ಯ ಗ್ರಾಫಿಕ್ಸ್‌ಗೆ ಇವೆರಡೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಚ್.264. ಗೊತ್ತಿಲ್ಲದ್ದು ಬಂದಾಗ ಪೂರ್ತಿ ಕೆಲಸ ಪ್ರೊಸೆಸರಿನ ತಲೆಗೆ ಬೀಳುತ್ತದೆ, ಫ್ಯಾನ್ ಕೂಗಲು ಶುರು ಮಾಡುತ್ತದೆ. ಎಚ್264ಇಫೈ ಅನ್ನುವ ಆಡ್ಆನ್ ಹಾಕಿದರೆ ಯೂಟ್ಯೂಬ್ ಎಚ್.264 ರೂಪವನ್ನೇ ಕಳಿಸುತ್ತದೆ. ವೀಡಿಯೊ ಬಿಡಿಸುವ ಕೆಲಸ ಗ್ರಾಫಿಕ್ಸ್‌ಗೆ ಹೋಗಲು ಐ965 ವಿಎ ಡ್ರೈವರ್ ಅನ್ನುವ ಪ್ಯಾಕೇಜ್ ಕೂಡ ಹಾಕಿ. ಕೋರ್ 2 ಡ್ಯುಯೊದಲ್ಲಿ ಈ ಆಡ್ಆನ್ ಹಾಕಿಯೂ 480ಪಿಗೆ ಇಳಿಸಿ ನೋಡುವುದು ಒಳ್ಳೆಯದು. ಕರಿಹಲಗೆಯ ಮೇಲಿನ ಗಣಿತ ಪಾಠಕ್ಕೆ ಅಷ್ಟು ಸಾಕು.

ಕನ್ನಡ ಟೈಪಿಂಗ್ ಬಗ್ಗೆ ಹೆದರಿಕೆ ಬೇಡ. ಮಂಡಲದಲ್ಲಿ ನುಡಿ ಬಳಸಿ ಅಭ್ಯಾಸ ಆದವರು ಇರುತ್ತಾರೆ. ಅದೇ ಕೀಲಿಮಣೆ ಲಿನಕ್ಸಿನಲ್ಲೂ ಉಂಟು. ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಲು ಕೊಡುವ ಸಾಫ್ಟ್‌ವೇರ್) ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಐಬಸ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ ಅಂತ ಕಾಣುತ್ತದೆ, ಅದನ್ನು ಸೇರಿಸಿ. ಈ ವಿನ್ಯಾಸದ ಮೂಲ ರೂಪಿಸಿದವರು ಮಂಗಳೂರು ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾವ್. ಇಡೀ ಕನ್ನಡ ನಾಡು ಬೆರಳಾಡಿಸುವ ಕೀಲಿಮಣೆ ನಮ್ಮ ನೆಲದವರೊಬ್ಬರ ಯೋಚನೆ ಅಂತ ಮಕ್ಕಳಿಗೆ ಖಂಡಿತ ಹೇಳಿ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯಲೂ ಇದೇ ಸಾಕು. ಅಕ್ಷರ ಚಂದ ಕಾಣಲು ನೋಟೊ, ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಸಾಫ್ಟ್‌ವೇರ್ ಪಟ್ಟಿಯಲ್ಲೇ ಸಿಗುತ್ತವೆ. ಬರೆಯಲು ಲಿಬ್ರೆಆಫೀಸ್ ರೈಟರ್ ಬಳಸಿ, ಒತ್ತಕ್ಷರ ಒಡೆಯುವುದಿಲ್ಲ. ಐಬಸ್ ಹೊಂದಾಣಿಕೆಯೂ ಗೆಸ್ಟ್ ಸೆಷನ್‌ನಲ್ಲಿ ಉಳಿಯುವುದಿಲ್ಲ. ಆದ್ದರಿಂದ ಟೈಪಿಂಗ್‌ಗೆ ಅಂತಲೇ ಅಡ್ಮಿನ್ ಅಧಿಕಾರ ಇಲ್ಲದ ಒಂದು ಮಾಮೂಲಿ ಖಾತೆ ತೆರೆದಿಡಿ.

ಹಳೆಯ ಆಮಂತ್ರಣ ಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್ ಫೈಲುಗಳನ್ನು ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಗಾಬರಿಯಾಗಬೇಡಿ. ಅವು ಯೂನಿಕೋಡ್‌ಗೆ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಪದ್ಧತಿ) ಮೊದಲಿನ ನುಡಿ ಫಾಂಟಿನವು. ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳು ಸಿಗುತ್ತವೆ. ಪೇಜ್‌ಮೇಕರ್ ಫೈಲೇ ಬೇಕು ಅನ್ನುವ ಪ್ರೆಸ್ಸಿಗೆ ಪಿಡಿಎಫ್ ಕೊಟ್ಟು ನೋಡಿ.

ನಿಮ್ಮ ಲೇಸರ್‌ಜೆಟ್ 1020 ಗಟ್ಟಿ ಪ್ರಿಂಟರ್. ಎಚ್‌ಪಿಯ ಎಚ್‌ಪ್ಲಿಪ್ ಸಾಫ್ಟ್‌ವೇರ್ ಅದನ್ನು ನಡೆಸುತ್ತದೆ. ಆದರೆ ಈ ಮಾದರಿಗೆ ಒಂದು ಪ್ಲಗಿನ್ ಬೇರೆಯಾಗಿ ಇಳಿಸಬೇಕು. ನೆಟ್ ಇರುವಾಗ ಎಚ್‌ಪಿ ಸೆಟಪ್ ನಡೆಸಿದರೆ ಅದೇ ಕೇಳುತ್ತದೆ, ಹೂಂ ಅನ್ನಿ. ಎಚ್‌ಪ್ಲಿಪ್ ಹೊಸ ಆವೃತ್ತಿಗೆ ಹೋದಾಗ ಪ್ಲಗಿನ್ ಕೂಡ ಮತ್ತೆ ಹಾಕಬೇಕಾಗುತ್ತದೆ. ಒಂದು ದಿನ ಪ್ರಿಂಟ್ ದಿಢೀರ್ ನಿಂತರೆ ಮೊದಲು ಇದನ್ನೇ ನೋಡಿ.

ಪೆಂಟಿಯಂ 4 ಯಾಕೆ ಬೇಡ? ಆಂಟಿಎಕ್ಸ್ ಅದರಲ್ಲೂ ತೆರೆಯುತ್ತದೆ. ಆದರೆ ಇಂಥ ಹಲವು ಯಂತ್ರಗಳಲ್ಲಿ ಪ್ರೊಸೆಸರ್ ಒಂದೇ 80 ವ್ಯಾಟ್‌ಗಿಂತ ಜಾಸ್ತಿ ಶಾಖ ಉಗುಳುತ್ತದೆ. ನಿಮ್ಮ ನೆಟ್‌ಬುಕ್‌ನ ಆಟಮ್‌ಗೆ ಎರಡೂವರೆ ವ್ಯಾಟ್ ಸಾಕು. ಅಷ್ಟು ಕರೆಂಟ್ ತಿಂದು ಪೆಂಟಿಯಂ ಮಾಡುವ ಕೆಲಸವನ್ನು ನೆಟ್‌ಬುಕ್ಕೇ ಮಾಡುತ್ತದೆ. ಅದರ ಹಳೆಯ ಐಡಿಇ ಡಿಸ್ಕ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಅದರ ಮಾನಿಟರ್, ಕೀಬೋರ್ಡ್, ಮೌಸ್ ಇಟ್ಟುಕೊಳ್ಳಿ. ನೆಟ್‌ಬುಕ್‌ಗೆ ಆ ಮಾನಿಟರ್ ಜೋಡಿಸಿದರೆ ಮಕ್ಕಳ ಕಣ್ಣಿಗೂ ಆರಾಮ. ಉಳಿದದ್ದನ್ನು ಗುಜರಿಗೆ ಹಾಕಬೇಡಿ, ಅನುಮತಿ ಪಡೆದ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ. ಯಾವ ಡಿಸ್ಕ್ ಅಳಿಸುವ ಮೊದಲೂ ಕೊಟ್ಟವರಿಗೆ ಒಂದು ಫೋನ್ ಮಾಡಿ. ಮದುವೆ ಫೋಟೊ, ತೀರಿಕೊಂಡವರ ಫೋಟೊ ಅದರಲ್ಲಿ ಉಳಿದಿರಬಹುದು.

ಹಳೆಯ ವಿಂಡೋಸ್‌ನಲ್ಲೇ ಇರಲಿ ಅನ್ನುವವರಿಗೆ ಇಷ್ಟು ಹೇಳಿ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ನಿಮ್ಮ ನಾಲ್ಕರಲ್ಲಿ ಯಾವುದರಲ್ಲೂ ಇಲ್ಲ.

ಲಿನಕ್ಸ್ ಹಾಕುವ ಮೊದಲು ಕ್ಯಾಬಿನೆಟ್ ಬಿಚ್ಚಿ. ನಮ್ಮ ಕಡಲ ಬದಿಯ ಗಾಳಿಯಲ್ಲಿ ಉಪ್ಪು, ತೇವ ಎರಡೂ ಜಾಸ್ತಿ. ರ‍್ಯಾಮ್ ಕಡ್ಡಿಯ ಹಳದಿ ಕಾಲುಗಳು ಮಂಕಾಗಿ ಯಂತ್ರ ಬೀಪ್ ಅಂತ ನಿಂತುಬಿಡುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ ಮತ್ತೆ ಹಾಕಿ. ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿಯನ್ನೂ ಬದಲಿಸಿ. ಅದು ಸತ್ತರೆ ತಾರೀಕು ಹಿಂದಕ್ಕೆ ಹೋಗುತ್ತದೆ, ಆಗ ಎಲ್ಲ ತಾಣವೂ ಅಸುರಕ್ಷಿತ ಅಂತ ಬ್ರೌಸರ್ ಹಟ ಹಿಡಿಯುತ್ತದೆ. ಜನ ಲಿನಕ್ಸ್ ಸರಿ ಇಲ್ಲ ಅಂತ ಬೈಯುತ್ತಾರೆ, ತಪ್ಪು ಬ್ಯಾಟರಿಯದ್ದು. ಡಿಸ್ಕಿನ ಆರೋಗ್ಯವನ್ನು ಜಿಸ್ಮಾರ್ಟ್‌ಕಂಟ್ರೋಲ್‌ನಲ್ಲಿ ನೋಡಿ. ಕೆಟ್ಟ ಸೆಕ್ಟರ್‌ಗಳ ಎಣಿಕೆ ಏರುತ್ತಾ ಇದ್ದರೆ ಆ ಡಿಸ್ಕ್ ನಂಬಬೇಡಿ.

ಮಿಂಟ್ ಮತ್ತು ಆಂಟಿಎಕ್ಸ್ ಎರಡನ್ನೂ ಪೆನ್ ಡ್ರೈವ್‌ನಿಂದಲೇ ತೆರೆದು ನೋಡಬಹುದು, ಡಿಸ್ಕಿಗೆ ಏನೂ ಆಗುವುದಿಲ್ಲ. 8 ಜಿಬಿಯ ಪೆನ್ ಡ್ರೈವ್ ಸಾಕು. ಹಾಗೆ ತೆರೆದು ವೈಫೈ, ಸೌಂಡ್, ಪ್ರಿಂಟರ್ ಎಲ್ಲ ನೋಡಿ, ಆಮೇಲೆ ಇನ್‌ಸ್ಟಾಲ್ ಮಾಡಿ. ಹಳೆಯ ನೆಟ್‌ಬುಕ್‌ಗಳಲ್ಲಿ ವೈಫೈ ಚಿಪ್‌ಗೆ ಬೇರೆ ಫರ್ಮ್‌ವೇರ್ ಬೇಕಾಗುವುದು ಉಂಟು. ಅದನ್ನು ಇಳಿಸಲು ನೆಟ್ ಬೇಕು, ನೆಟ್‌ಗೆ ವೈಫೈ ಬೇಕು ಅಂತ ಸಿಕ್ಕಿಬೀಳಬೇಡಿ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ವೈರಿನಲ್ಲಿ ಜೋಡಿಸಿ ಟೆದರಿಂಗ್ (ಫೋನಿನ ನೆಟ್ ಹಂಚುವುದು) ಆನ್ ಮಾಡಿದರೆ ಸಾಮಾನ್ಯವಾಗಿ ಕೂಡಲೇ ನೆಟ್ ಬರುತ್ತದೆ.

ಮಳೆಗಾಲದಲ್ಲಿ ಲೈಬ್ರರಿ ಮುಚ್ಚಿದ್ದರೂ ವಾರದಲ್ಲಿ ಒಂದೆರಡು ಸಲ ಅರ್ಧ ಗಂಟೆ ಎಲ್ಲ ಯಂತ್ರ ಆನ್ ಮಾಡಿ, ಒಳಗಿನ ತೇವ ಆರುತ್ತದೆ. ಡೆಸ್ಕ್‌ಟಾಪಿಗೆ ಸಣ್ಣ ಯುಪಿಎಸ್ ಇರಲಿ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಸಂಜೆ ಮೋಡ ಕಟ್ಟಿದ ಕೂಡಲೇ, ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ರೂಟರಿಗೆ ಬರುವ ವೈರನ್ನೂ, ಡೆಸ್ಕ್‌ಟಾಪಿನ ಹಿಂದಿನ ನೆಟ್‌ವರ್ಕ್ ವೈರನ್ನೂ ಬಿಚ್ಚಿಡಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.